ಮೂರನೇ ಎರಡು ಪಾಲು

"ಬೆಳಗ್ಗೆಯಿಂದ ಏನು ಕತ್ತೆ ಕಾಯ್ತಿದ್ರೇನೋ, ಬೋಳಿಮಕ್ಳಾ? ಮೂರನೇ ಒಂದು ಪಾಲು. ಅಷ್ಟೇ ಆಗಿರೋದು."

ಮೇಸ್ತ್ರಿ ಚೀಟಿಯನ್ನು ನಮ್ಮ ಮೂಗಿನ ಮುಂದೆ ಆಡಿಸಿದ. ಪೈಪು ಹೂಳುವ ಕಾಲುವೆಯಲ್ಲಿ ನಾವು ಎಂಟು ಜನ ಸೊಂಟದ ಮಟ್ಟಕ್ಕೆ ನಿಂತಿದ್ದೆವು. ತೊಂಬತ್ತು ಅಡಿಯಲ್ಲಿ ಮೂರನೇ ಎರಡು ಪಾಲು ಸಂಜೆಯೊಳಗೆ ಅಗೆಯದಿದ್ದರೆ ನಾಳೆಯಿಂದ ಗೇಟಿನೊಳಗೆ ಕಾಲಿಡಬೇಡಿ ಎಂದು ಬೆಳಿಗ್ಗೆಯೇ ಹೇಳಿದ್ದ. ನಮ್ಮ ಜಾಗಕ್ಕೆ ಬರಬೇಕಾದ ಅವನ ಭಾವಮೈದುನನ ತಂಡ ಆಗಲೇ ಗೇಟಿನಾಚೆ ಕುಕ್ಕರಗಾಲಲ್ಲಿ ಕೂತಿತ್ತು.

ಚೀಟಿ ಬರೆದವಳು ನನ್ನ ಅತ್ತಿಗೆ. ನಮ್ಮಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಮಧ್ಯಾಹ್ನದೊಳಗೆ ಅರ್ಧ ಕಾಲುವೆ ಮುಗಿದಿತ್ತು. ಆಮೇಲೆ ಕಲ್ಲು ಸಿಕ್ಕಿ, ಉಳಿದರ್ಧದಲ್ಲಿ ಮೂರನೇ ಒಂದು ಪಾಲು ಮಾತ್ರ ಆಯಿತು. ಆದದ್ದನ್ನು ಆದ ಹಾಗೆಯೇ ಬರೆದಿದ್ದಳು: ½ + ½ × ⅓.

"ಅರ್ಧಕ್ಕೆ ಅರ್ಧ ಕೂಡಿದ್ರೆ ಒಂದು. ಅದನ್ನ ಮೂರನೇ ಒಂದರಿಂದ ಗುಣಿಸು. ನೀನೇ ಬರ್ದಿದ್ದೀಯಲ್ಲೇ."

"ಮೊದ್ಲು ಗುಣಿಸ್ಬೇಕು ಮೇಸ್ತ್ರಿ. ಅರ್ಧದಲ್ಲಿ ಮೂರನೇ ಒಂದು ಅಂದ್ರೆ ಆರನೇ ಒಂದು. ಆಮೇಲೆ ಕೂಡೋದು. ಅರ್ಧ ಅಂದ್ರೆ ಆರರಲ್ಲಿ ಮೂರು, ಅದಕ್ಕೆ ಇನ್ನೊಂದು. ಆರರಲ್ಲಿ ನಾಲ್ಕು. ಮೂರನೇ ಎರಡು."

"ನಂಗೇ ಲೆಕ್ಕ ಹೇಳ್ಕೊಡ್ತೀಯಾ? ಗುದ್ದಲಿ ಹಿಡಿಯೋ ಮುಂಡೆಗೆ ಬಾಯಿ ಬೇರೆ ಕೇಡು."

ನನ್ನಣ್ಣ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

"ಅರವತ್ತಡಿ ಇದೆ. ಇಳಿದು ಹೆಜ್ಜೆ ಹಾಕಿ ನೋಡಿ."

ಮೇಸ್ತ್ರಿ ತನ್ನ ಬಿಳಿ ಶೂ ನೋಡಿಕೊಂಡ. "ನಾನ್ಯಾಕೆ ಕೆಸರಿಗೆ ಇಳೀಲಿ? ಕಾಗದದಲ್ಲಿ ಇರೋದೇ ನಿಜ. ಮೂವತ್ತಡಿ. ಎಂಜಿನಿಯರ್ ಬರೋ ಹೊತ್ತಾಯ್ತು, ನಡೀರಿ ಆಚೆ."

ಅತ್ತಿಗೆ ಅವನ ಕೈಯಲ್ಲಿದ್ದ ಚೀಟಿಯತ್ತ ಬೆರಳು ತೋರಿಸಿ, "ಮೂವತ್ತು ಅಂತ ಬರ್ದು ಸೈನ್ ಹಾಕಿ ಕೊಡಿ," ಎಂದಳು. ಅವನು ನಗುತ್ತಲೇ ಗೀಚಿದ.

ಅವಳು ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿ ಮೇಲೆ ಹತ್ತಿದಳು. ಹಗ್ಗ ಹಿಡಿದು ಮೂವತ್ತಡಿ ಅಳೆದು ಒಂದು ಗೂಟ ಹೊಡೆದಳು. ಗೂಟದಾಚೆ ದಂಡೆಯ ಮೇಲಿದ್ದ ಮಣ್ಣನ್ನು ಗುದ್ದಲಿಯಿಂದ ಕಾಲುವೆಗೆ ಎಳೆದಳು. ನಮಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾವೂ ದಂಡೆ ಹತ್ತಿದೆವು, ಎಂಟೂ ಗುದ್ದಲಿ ಎದ್ದವು. ಅಂಗೈ ಬೊಬ್ಬೆ ಒಡೆಯುವಂತೆ ಅಗೆದದ್ದನ್ನು ನಾವೇ ಮುಚ್ಚತೊಡಗಿದೆವು.

"ಏಯ್, ತಲೆ ಕೆಟ್ಟಿದೆಯಾ? ನಾಳೆ ಪೈಪು ಇಳಿಸ್ಬೇಕು ಕಣ್ರೋ, ಎಂಜಿನಿಯರ್‌ಗೆ ಏನು ತೋರಿಸ್ಲಿ?"

"ನಾವು ಅಗ್ದಿದ್ದು ಮೂವತ್ತು. ನಿಮ್ ಸೈನ್ ಇದೆ," ಎಂದಳು ಅತ್ತಿಗೆ. "ಮಿಕ್ಕ ಮೂವತ್ತು ಇಲ್ವೇ ಇಲ್ವಲ್ಲ. ಇಲ್ಲದ್ದನ್ನ ಮುಚ್ಚಿದ್ರೆ ನಿಮಗೇನು?"

ಗೇಟಿನಲ್ಲಿ ಎಂಜಿನಿಯರನ ಜೀಪು ಹಾರ್ನ್ ಹೊಡೆಯಿತು. ಮೇಸ್ತ್ರಿ ಬಿಳಿ ಶೂ ಸಮೇತ ಕಾಲುವೆಗೆ ಹಾರಿ, ಬೀಳುತ್ತಿದ್ದ ಮಣ್ಣಿಗೆ ಎರಡೂ ಕೈ ಅಡ್ಡ ಹಿಡಿದು ನಿಂತ. ಮಣ್ಣು ಅವನ ಮೊಣಕಾಲು ಮುಟ್ಟಿತ್ತು. ನಾವು ಎಳೆಯುತ್ತಲೇ ಇದ್ದೆವು.