ಇಪ್ಪತ್ತೆರಡು ದಿನದ ಗುಂಡುಸೂಜಿ

ಅಪ್ಪ ದರ್ಜಿ. ಕೆಲಸದ ಹೊತ್ತಿನಲ್ಲಿ ಗುಂಡುಸೂಜಿಗಳನ್ನು ತುಟಿಗಳ ನಡುವೆ ಹಿಡಿದಿರುತ್ತಿದ್ದರು. ಆಗ ಯಾರು ಏನು ಕೇಳಿದರೂ ಹುಬ್ಬಿನಲ್ಲೇ ಉತ್ತರ.

ಒಂದು ಮಧ್ಯಾಹ್ನ ಕೆಮ್ಮು ಬಂದು ಒಂದು ಸೂಜಿ ಒಳಗಿಳಿಯಿತು. ಅಂಗಡಿಯಲ್ಲಿದ್ದವಳು ನಾನೊಬ್ಬಳೇ.

"ನಿಮ್ಮಮ್ಮಂಗೆ ಹೇಳ್ಬೇಡ ಮಗಳೇ, ಆಕಾಶ ಭೂಮಿ ಒಂದು ಮಾಡ್ತಾಳೆ," ಎಂದು ನಕ್ಕರು. ನಾನು ಎರಡು ಬಾಳೆಹಣ್ಣು ತಂದುಕೊಟ್ಟೆ. ಸೂಜಿ ತಾನಾಗಿ ಜಾರಿಹೋಗುತ್ತದೆ ಎಂದುಕೊಂಡು ಇಬ್ಬರೂ ಸುಮ್ಮನಾದೆವು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅವರ ಬಾಯಿಂದ ಒಂದು ಬೊಗಸೆ ರಕ್ತ ಬಿತ್ತು. ಆಮೇಲೆ ಏನೂ ಇಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೂತು ಪಕ್ಕದ ರೋಗಿಯ ಅಂಗಿಯ ಕಾಲರು ಸೊಟ್ಟಗಿದೆ ಎಂದು ಗೊಣಗುತ್ತಿದ್ದರು.

"ನುಂಗಿ ಎಷ್ಟು ದಿನ ಆಯ್ತು?" ಸ್ಕ್ಯಾನ್ ನೋಡುತ್ತ ಕೇಳಿದರು ಸರ್ಜನ್.

"ಮೂರು ದಿನ." ಅಪ್ಪ ನನ್ನನ್ನು ನೋಡಿದರು. ಅಮ್ಮ ಅಲ್ಲೇ ಇದ್ದಳು. ನಾನು ನೆಲ ನೋಡಿದೆ.

"ಅನ್ನನಾಳ ಚುಚ್ಚಿ, ಪಕ್ಕದ ಮಹಾಧಮನಿಗೂ ತೂತು ಮಾಡಿದೆ. ಸದ್ಯಕ್ಕೆ ರಕ್ತ ಹೆಪ್ಪುಗಟ್ಟಿ ಮುಚ್ಕೊಂಡಿದೆ, ಅಷ್ಟೆ. ಅದು ಕಳಚಿದ್ರೆ ನಮ್ಮ ಕೈಲಿ ಏನೂ ಇರಲ್ಲ. ಮೊದಲು ತೊಡೆಯ ಹತ್ರದಿಂದ ಹೋಗಿ ಧಮನಿಯೊಳಗೆ ಬಟ್ಟೆಯ ಕೊಳವೆ ಕೂರಿಸ್ತೀವಿ. ಆಮೇಲೆ ಎದೆ ತೆರೆದು ಸೂಜಿ ತೆಗೆದು, ಅನ್ನನಾಳದ ತೂತು ಹೊಲೀತೀವಿ."

"ಲೈನಿಂಗ್ ಅನ್ನಿ ಡಾಕ್ಟ್ರೇ! ಕೈ ಹೊಲಿಗೆ ಹಾಕಿ, ಮೆಷಿನ್ದು ಬೇಡ."

"ಮಾತಿಗೇನೂ ಕಮ್ಮಿ ಇಲ್ಲ," ಎಂದಳು ಅಮ್ಮ. "ಮೂರು ದಿನ ತುಟಿ ಪಿಟಕ್ಕೆನ್ನಲಿಲ್ಲ ಈ ಮನುಷ್ಯ!"

ಒಳಗೆ ಕರೆದೊಯ್ಯುವ ಮುನ್ನ ಅಪ್ಪ ಕೊರಳಿನ ಅಳತೆ ಟೇಪು ತೆಗೆದು ನನ್ನ ಕೈಗಿಟ್ಟರು. ಏನೋ ಹೇಳುತ್ತಾರೆ ಅಂದುಕೊಂಡೆ. ಹುಬ್ಬು ಏರಿಸಿದರು, ಅಷ್ಟೇ.

ಮೂರು ಗಂಟೆಯ ನಂತರ ಸರ್ಜನ್ ಬಾಗಿಲಿಗೆ ಬಂದರು.

"ಕೊಳವೆ ಕೂತಿದೆ, ರಕ್ತ ನಿಂತಿದೆ. ಎದೆ ತೆರೆದ್ವಿ. ಆದ್ರೆ ಇಷ್ಟು ಕೀವು ಮೂರು ದಿನದ್ದಲ್ಲ. ನಿಜ ಹೇಳಿ."

"ಮೂರೇ ದಿನ. ನನ್ನ ಗಂಡ ಸುಳ್ಳು ಹೇಳೋರಲ್ಲ," ಎಂದಳು ಅಮ್ಮ.

"ಇಪ್ಪತ್ತೆರಡು," ಎಂದೆ. "ಬಾಳೆಹಣ್ಣು ಕೊಟ್ಟಿದ್ದು ನಾನೇ."

ಸರ್ಜನ್ ಬೈಯಲಿಲ್ಲ. "ಹಾಗಾದ್ರೆ ತೂತಿನ ಅಂಚು ಕೊಳೆತಿರುತ್ತೆ, ಹೊಲಿಗೆ ನಿಲ್ಲಲ್ಲ. ಅನ್ನನಾಳನೇ ತೆಗೀಬೇಕು. ಉಳಿದ್ರೆ, ತಿಂಗಳುಗಟ್ಟಲೆ ಹೊಟ್ಟೆಗೆ ಹಾಕಿದ ನಳಿಕೇಲೇ ಊಟ."

"ಉಳಿದ್ರೆ ಅಂದ್ರೆ?" ಅಮ್ಮ ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಅವಳು ನನ್ನ ಕೈಯಿಂದ ಟೇಪು ತೆಗೆದುಕೊಂಡಳು. ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬಾಗಿಲಿನ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು.