ಎರಡು ಎಡಗೈ ತೋಳು

ನಮ್ಮ ಓಣಿಯಲ್ಲಿ ನನ್ನನ್ನು ಕತ್ತರಿ ದೊಡ್ಡಮ್ಮ ಎಂದು ಕರೆಯುತ್ತಾರೆ. ನಲವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದವಳು ನಾನು, ಅದಕ್ಕೇ ಆ ಹೆಸರು. ನನ್ನ ನಾಲಿಗೆ ನೋಡಿ ಇಟ್ಟ ಹೆಸರು ಎನ್ನುವವರೂ ಇದ್ದಾರೆ. ಅವರ ಬಾಯಿಗೆ ಬೀಗ ಹಾಕಲು ನನ್ನಿಂದ ಆಗುವುದಿಲ್ಲ.

ಎದುರು ಬಾಗಿಲಿನವಳು ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ಅದೇ ಅಂಗಡಿಯಲ್ಲಿ ಅವಳು ಕಾಜಾ ಹಾಕುತ್ತಿದ್ದಳು. ಗುಂಡಿ ತೂರಿಸುವ ಸೀಳಿನ ಸುತ್ತ ಕೈಹೊಲಿಗೆ ಹಾಕುವ ಕೆಲಸ ಅದು. ಕತ್ತರಿಸುವವಳು ಮೇಲೆ, ಕಾಜಾದವಳು ಕೆಳಗೆ. ಅಂಗಡಿಯಲ್ಲೂ ಹಾಗೆ, ಮನೆಯಲ್ಲೂ ಹಾಗೆ. ಅಂಗಡಿ ಬಿಟ್ಟ ಮೇಲೆ, ಗಂಡಂದಿರು ಹೋದ ಮೇಲೆ, ಇಬ್ಬರೂ ನಮ್ಮ ನಮ್ಮ ಕೋಣೆಯಲ್ಲಿ ಸಣ್ಣಪುಟ್ಟ ಹೊಲಿಗೆ ಮಾಡಿಕೊಂಡಿದ್ದೇವೆ. ಆಗಲೂ ಮೇಲು ಕೀಳು ಹಾಗೆಯೇ ಇತ್ತು. ಅವಳ ಕಣ್ಣಿಗೆ ಪೊರೆ ಬಂದ ಮೇಲಂತೂ ಪ್ರತಿ ಬೆಳಗ್ಗೆ ಹನ್ನೆರಡು ಸೂಜಿ ಚುಚ್ಚಿದ ಬಟ್ಟೆತುಂಡು ಹಿಡಿದು ನನ್ನ ಬಾಗಿಲಿಗೆ ಬರುತ್ತಿದ್ದಳು.

"ಅಕ್ಕ, ದಾರ ಪೋಣಿಸಿ ಕೊಡ್ತೀರಾ?"

"ಇರು, ಕೈಯಲ್ಲಿ ಕೆಲಸ ಇದೆ."

ಕೈಯಲ್ಲಿ ಕೆಲಸ ಇರುತ್ತಿರಲಿಲ್ಲ. ಆದರೂ ಸ್ವಲ್ಪ ಕಾಯಿಸುತ್ತಿದ್ದೆ. ಕಾಯಿಸುವುದರಲ್ಲಿ ಒಂದು ಸುಖ ಇದೆ, ಸುಳ್ಳು ಯಾಕೆ ಹೇಳಲಿ?

ಈ ವರ್ಷ ಅವಳು ಮಗಳ ಮನೆಗೆಂದು ಹೋಗಿ ಹದಿನೈದು ದಿನ ಕಳೆದು ಬಂದಳು. ಬಂದ ಮರುದಿನ ಸೂಜಿ ಹಿಡಿದು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೇ ದಿನ ನಾನೇ ಇಣುಕಿದೆ. ಕಿಟಕಿಯ ಪಕ್ಕ ಹೊಸ ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ತೂರಿಸಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಕಣ್ಣು ಆಪರೇಷನ್ ಮಾಡಿಸ್ಕೊಂಡ್ಯಾ? ನನಗೊಂದು ಮಾತೂ ಹೇಳ್ಲಿಲ್ವಲ್ಲೇ?"

"ಹೇಳೋಕೆ ಮೂರು ಸಲ ಬಂದೆ ಅಕ್ಕ. ಮೂರು ಸಲಾನೂ ನೀವೇ ಮಾತಾಡಿದ್ರಿ."

"ದುಡ್ಡು ಎಲ್ಲಿಂದ ಬಂತು?"

"ಸರ್ಕಾರಿ ಆರೋಗ್ಯ ವಿಮೆಯಲ್ಲೇ ಆಯ್ತು."

"ವಿಮೆ ನನಗಿಲ್ವಾ? ಎಷ್ಟೇ ವಿಮೆ ಇದ್ರೂ ಆಸ್ಪತ್ರೆಯಲ್ಲಿ ನಮ್ಮ ಪಾಲು ಅಂತ ಕಟ್ಟಿಸ್ಕೊಳ್ತಾರಲ್ಲ?"

"ಅದನ್ನೂ ಅವರೇ ಕಟ್ಟಿದ್ರು ಅಕ್ಕ. ತಿಂಗಳ ಕಂತೂ ಈಗ ನಾನು ಕಟ್ಟಲ್ಲ. ಆದಾಯ ಕಡಿಮೆ ಇರೋ ವಯಸ್ಸಾದವರಿಗೆ ಸಹಾಯ ಅಂತ ಇದೆಯಂತೆ. ನಮ್ಮ ಓಣಿಗೆ ಬರೋ ನರ್ಸಮ್ಮ ಹೇಳಿದ್ರು, ಅರ್ಜಿ ಹಾಕ್ದೆ. ನೀವೂ ಹಾಕಿ, ನಾನು ಜೊತೇಲಿ ಬರ್ತೀನಿ."

"ನಾನು ಯಾರ ಮುಂದೂ ಕೈ ಒಡ್ಡಿದವಳಲ್ಲ. ನಿನಗೆ ಬೇಕಾದ್ರೆ ನೀನು ಒಡ್ಡು."

ಎದ್ದು ಬಂದೆ. ಬರುವಾಗ ಕಿಟಕಿಗೆ ಹೊಸ ಪರದೆ ಹಾಕಿದ್ದು ಕಣ್ಣಿಗೆ ಬಿತ್ತು. ಅಂಚಿನ ಹೊಲಿಗೆ ಸೊಟ್ಟಗಿತ್ತು. ಆ ದಿನ ನನಗೆ ಸಿಕ್ಕ ಸಮಾಧಾನ ಅಷ್ಟೇ.

ಈಗ ನನ್ನ ಗುಟ್ಟು ಹೇಳುತ್ತೇನೆ. ವಿಮೆಯ ಕಂತು ತಿಂಗಳು ತಿಂಗಳು ತಪ್ಪದೆ ಕಟ್ಟುತ್ತಿದ್ದೆ. ಕಟ್ಟಿದ ಮೇಲೆ ಔಷಧಿ ಅಂಗಡಿಯಲ್ಲಿ ಕೊಡಬೇಕಾದ ನಮ್ಮ ಪಾಲಿಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ಎಂದು ಡಾಕ್ಟರು ಬರೆದಿದ್ದರು. ನಾನು ಕತ್ತರಿ ಹಿಡಿದ ಕೈಯವಳು. ಒಂದು ಮೊಳ ಬಟ್ಟೆಯಲ್ಲಿ ಒಂದೂಕಾಲು ಮೊಳದ ಕೆಲಸ ತೆಗೆದು ಮಾಲೀಕನಿಂದ ಶಹಬ್ಬಾಸ್ ಅನ್ನಿಸಿಕೊಂಡವಳು. ದಾರ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಮಾತ್ರೆಯನ್ನು ನಡುವೆ ಸರಿಯಾಗಿ ಎರಡು ಮಾಡಿ, ದಿನಕ್ಕೆ ಅರ್ಧ ನುಂಗಿ, ಉಳಿದರ್ಧವನ್ನು ಗುಂಡಿ ಹಾಕುವ ಡಬ್ಬಿಯಲ್ಲಿಡುತ್ತಿದ್ದೆ. ಒಂದು ತಿಂಗಳ ಔಷಧಿ ಎರಡು ತಿಂಗಳು ಬರುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಆಮೇಲೆ ತಲೆ ತಿರುಗಲು ಶುರುವಾಯಿತು. ವಯಸ್ಸು ಎಂದುಕೊಂಡೆ.

ಒಂದು ದಿನ ಹಳೇ ಗಿರಾಕಿಯೊಬ್ಬರ ಕೋಟು ಕತ್ತರಿಸುತ್ತಿದ್ದೆ. ತೋಳು ಕತ್ತರಿಸುವಾಗ ಒಂದು ಕೈಗೆ ಕಾಗದದ ಅಚ್ಚು ಇಟ್ಟ ಮೇಲೆ ಇನ್ನೊಂದು ಕೈಗೆ ಅಚ್ಚನ್ನು ಮಗುಚಿ ಇಡಬೇಕು. ಇದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕಲಿಸುವ ಪಾಠ. ನಾನು ಮಗುಚಲಿಲ್ಲ. ಎರಡು ತುಂಡನ್ನೂ ಎತ್ತಿ ನೋಡಿದರೆ ಎರಡೂ ಎಡಗೈ ತೋಳು! ನಲವತ್ತು ವರ್ಷದಲ್ಲಿ ಮೊದಲ ಸಲ. ನಾಚಿಕೆಯಾಯಿತು. ಎರಡನ್ನೂ ಹಾಸಿಗೆಯ ಕೆಳಗೆ ತುರುಕಿ, ಗಿರಾಕಿಗೆ, ಆಮೇಲೆ ಕುಗ್ಗದಂತೆ ಬಟ್ಟೆಯನ್ನು ಮೊದಲು ನೆನೆಹಾಕಬೇಕು, ಅದೇ ಇನ್ನೂ ಆಗಿಲ್ಲ ಎಂದು ಸುಳ್ಳು ಹೇಳಿದೆ.

ಎದುರು ಬಾಗಿಲಲ್ಲಿ ಅವಳು ಹಾಡು ಗುನುಗುತ್ತ ಕಾಜಾ ಹಾಕುತ್ತಿದ್ದಳು. ನನ್ನೆರಡು ಕಣ್ಣು ಹೋದರೂ ಸರಿ, ದಾಯಾದಿಯ ಒಂದು ಕಣ್ಣು ಹೋಗಲಿ ಎಂಬ ಗಾದೆ ಕೇಳಿದ್ದೀರಲ್ಲ? ಅದು ಯಾರ ಹೊಟ್ಟೆಯಿಂದ ಹುಟ್ಟಿದ್ದು ಎಂದು ನನಗೆ ಆ ದಿನ ಗೊತ್ತಾಯಿತು. ಹಳೆಯ ಅಳತೆ ಚೀಟಿಯೊಂದರ ಹಿಂದೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ದೂರು ಬರೆದೆ. "ನನ್ನ ಓರಗಿತ್ತಿಗೆ ಸಹಾಯ ಕೊಟ್ಟಿದ್ದೀರಿ. ಅವಳಿಗೆ ಸ್ವಂತ ಕೋಣೆ ಇದೆ. ಕಾಜಾ ಹಾಕಿ ಸಂಪಾದನೆ ಮಾಡುತ್ತಾಳೆ. ಹೊಸ ಪರದೆ ಹಾಕಿದ್ದಾಳೆ. ದಯವಿಟ್ಟು ವಿಚಾರಿಸಿ."

ಮರುದಿನ ವಿಮೆ ಕಚೇರಿಗೆ ಹೋದೆ. ಟೋಕನ್ ಹಿಡಿದು ಗೋಡೆ ಪಕ್ಕದ ಬೆಂಚಿನ ಮೇಲೆ ಎರಡು ತಾಸು ಕುಳಿತೆ. ನನ್ನ ಸರದಿ ಬಂದಾಗ ಕಿಟಕಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಕಾಲರ್ ಒಂದು ಕಡೆ ಏರಿತ್ತು. ಯಾರು ಹೊಲಿದರೋ!

"ಹೇಳಿ ಅಮ್ಮ."

"ಒಂದು ಅನ್ಯಾಯ ಆಗಿದೆ."

"ಯಾರಿಗೆ?"

ಆ ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ. ಅವಳು ನನ್ನ ವಿಮೆ ಕಾರ್ಡು ಕೇಳಿ ತೆಗೆದುಕೊಂಡು ಕಂಪ್ಯೂಟರ್ ನೋಡಿದಳು.

"ನೀವು ಪೂರ್ತಿ ಕಂತು ಕಟ್ತಿದ್ದೀರಲ್ಲಮ್ಮ. ಪಿಂಚಣಿ ಎಷ್ಟು ಬರುತ್ತೆ? ಮನೇಲಿ ಯಾರ್ಯಾರಿದ್ದೀರಿ?"

ಹೇಳಿದೆ. ಒಬ್ಬಳೇ ಎಂದೂ ಹೇಳಿದೆ.

"ಹಾಗಾದ್ರೆ ಸಹಾಯಕ್ಕೆ ಯಾಕೆ ಅರ್ಜಿ ಹಾಕಿಲ್ಲ?"

"ನನಗೆ ಸ್ವಂತ ಕೋಣೆ ಇದೆಯಮ್ಮ."

"ವಾಸ ಇರೋ ಮನೆಯನ್ನ ನಾವು ಲೆಕ್ಕಕ್ಕೆ ಹಿಡಿಯಲ್ಲ."

"ಈಗಲೂ ಹೊಲೀತೀನಿ. ನಾಲ್ಕು ಕಾಸು ಬರುತ್ತೆ."

"ಅದನ್ನ ಮುಚ್ಚಿಡದೆ ಬರೀರಿ. ದುಡಿದದ್ದೂ ಸೇರಿ ಮಿತಿ ಒಳಗಿದ್ರೆ ಸಹಾಯ ಸಿಗುತ್ತೆ. ದುಡಿಯೋರಿಗೆ ಕೊಡಲ್ಲ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನನ್ನ ಚೀಟಿ ಹೇಳುತ್ತಿತ್ತು. ಓರಗಿತ್ತಿಯ ಮೇಲೆ ಹೊರಿಸಲು ಹೊತ್ತು ತಂದ ತಪ್ಪುಗಳು ಒಂದೊಂದಾಗಿ ಕಿಟಕಿಯಲ್ಲೇ ಬಿದ್ದುಹೋದವು. ಪರದೆಯ ವಿಷಯ ಎತ್ತಲು ಧೈರ್ಯ ಬರಲಿಲ್ಲ.

"ಇದು ಭಿಕ್ಷೆ ಬೇಡಿದ ಹಾಗಲ್ವೇನಮ್ಮ?" ಎಂದೆ ಕೊನೆಗೆ.

"ನಲವತ್ತು ವರ್ಷ ದುಡಿದ್ರಲ್ಲ, ಸಂಬಳದಲ್ಲಿ ತೆರಿಗೆ ಹಿಡೀತಿರಲಿಲ್ವಾ?"

"ಹಿಡಿಯದೆ ಬಿಟ್ಟಾರಾ!"

"ಮತ್ತೆ? ಆ ದುಡ್ಡಿನಲ್ಲಿ ನಿಮ್ಮದೂ ಇದೆ."

ಅರ್ಜಿ ಕೊಟ್ಟಳು. ಏನೇನು ತರಬೇಕು ಎಂದು ಅದರ ಮೇಲೆಯೇ ಗುರುತು ಹಾಕಿದಳು. ಗುರುತಿನ ಚೀಟಿ, ವಿಮೆ ಕಾರ್ಡು, ಪಿಂಚಣಿಯ ಕಾಗದ, ಬ್ಯಾಂಕಿನ ಪಾಸ್‌ಬುಕ್. ಇಷ್ಟೇ. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಬರೆಯತೊಡಗಿದೆ. ಒಂದು ಕಡೆ ಪೆನ್ನು ನಿಂತಿತು. "ನಿಮಗೆ ಹುಷಾರಿಲ್ಲದಾಗ ಯಾರಿಗೆ ತಿಳಿಸಬೇಕು?" ಎಂದಿತ್ತು. ಮಕ್ಕಳಿಲ್ಲದವಳು ನಾನು. ತುಂಬ ಹೊತ್ತು ಯೋಚಿಸಿದೆ. ಯೋಚಿಸುವುದಕ್ಕೆ ಬೇರೆ ಹೆಸರೇ ಇರಲಿಲ್ಲ. "ಓರಗಿತ್ತಿ, ಎದುರು ಬಾಗಿಲು" ಎಂದು ಬರೆದೆ.

"ಏನೋ ಅನ್ಯಾಯ ಅಂದ್ರಲ್ಲಮ್ಮ?" ಹುಡುಗಿ ಮರೆತಿರಲಿಲ್ಲ.

ಚೀಟಿ ಚೀಲದೊಳಗೆ ಕೈಗೆ ತಾಗುತ್ತಿತ್ತು. "ಇದೇ," ಎಂದು ಅರ್ಜಿ ತೋರಿಸಿ, ಮನೆಗೆ ಬಂದೆ.

ನನ್ನ ಬಾಗಿಲು ತೆರೆದಿತ್ತು. ಬೀಗದ ಇನ್ನೊಂದು ಕೀಲಿ ಓರಗಿತ್ತಿಯ ಹತ್ತಿರ ಇರುತ್ತದೆ. ಕೋಟಿನ ಗಿರಾಕಿ ಬಂದು ಕೂಗಾಡಿದರಂತೆ. ಬಟ್ಟೆ ಹುಡುಕಲು ಒಳಗೆ ಬಂದವಳು ಹಾಸಿಗೆಯ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಎರಡು ಎಡಗೈ ತೋಳು. ಪಕ್ಕದಲ್ಲಿ ಗುಂಡಿ ಡಬ್ಬಿ, ಮುಚ್ಚಳ ತೆಗೆದು.

"ಅಕ್ಕ, ನೀವು ಕತ್ತರಿಸಿದ್ದು ತಪ್ಪಿದ್ದನ್ನ ನಾನು ನೋಡೇ ಇಲ್ಲ. ಏನಾಗಿದೆ ನಿಮಗೆ?"

"ವಯಸ್ಸಾಗಿದೆ."

"ಇದೇನು?" ಅರ್ಧ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡಳು. "ಮಾತ್ರೆ ಏನು ಲೈನಿಂಗ್ ಬಟ್ಟೆನಾ, ಉಳಿಸಿ ಜೋಡು ಹಾಕೋಕೆ?"

ಅವಳು ನನ್ನನ್ನು ಗದರಿಸಿದ್ದು ಅದೇ ಮೊದಲು. ಗದರಿಸುತ್ತ ಅತ್ತಳು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವತ್ತೇ ಸಂಜೆ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿ ಮುಖ ಗಂಟಿಕ್ಕಿದರು. "ಹೀಗೇ ಇನ್ನೆರಡು ತಿಂಗಳು ನಡೆಸಿದ್ರೆ ಲಕ್ವ ಹೊಡೀತಿತ್ತು. ಕತ್ತರಿ ಹಿಡಿಯೋ ಕೈಯೇ ಹೋಗ್ತಿತ್ತು. ನಮ್ಮನ್ನ ಕೇಳದೆ ಮಾತ್ರೆ ಕಡಿಮೆ ಮಾಡಬೇಡಿ," ಎಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಓಣಿಯವರು ಇದನ್ನು ಇನ್ನೂ ನಂಬುವುದಿಲ್ಲ.

ಆ ತಿಂಗಳ ಔಷಧಿಯನ್ನು ತನ್ನ ಉಳಿತಾಯದಲ್ಲಿ ಅವಳೇ ತಂದಳು. ಉಳಿದ ತುಂಡುಗಳನ್ನು ಕೂಡಿಸಿ ಜೋಡು ಹಾಕಿ ನಾನು ಬಲಗೈ ತೋಳು ಕತ್ತರಿಸಿದೆ, ಜೋಡು ಕಾಣದ ಹಾಗೆ ಅವಳು ಹೊಲಿದಳು. ಗಿರಾಕಿಗೆ ಇವತ್ತಿಗೂ ಗೊತ್ತಿಲ್ಲ. ಕಾಗದಗಳನ್ನೆಲ್ಲ ಜೋಡಿಸಿ ಇಬ್ಬರೂ ಹೋಗಿ ಅರ್ಜಿ ಕೊಟ್ಟೆವು. ಒಂದು ಕಾಗದ ಸಾಲದು ಎಂದು ವಾಪಸ್ ಕಳಿಸಿದರು. ನಾನು ಬಿಟ್ಟುಬಿಡುತ್ತಿದ್ದೆ, ಅವಳು ಬಿಡಲಿಲ್ಲ. "ಅಳದಿದ್ರೆ ತಾಯೀನೂ ಹಾಲು ಕೊಡಲ್ಲ ಅಕ್ಕ, ನಡೀರಿ," ಎಂದು ಎಳೆದುಕೊಂಡು ಹೋದಳು.

ಮೂವತ್ತೊಂದು ದಿನಕ್ಕೆ ಮಂಜೂರಾದ ಪತ್ರ ಬಂತು. ಕಂತು ಮಾಫಿ, ಔಷಧಿಯ ನನ್ನ ಪಾಲೂ ಇನ್ನು ಅವರದೇ. ಅವಳಿಗೆ ಪತ್ರ ಬರಲು ನಲವತ್ತು ದಿನ ಹಿಡಿದಿತ್ತು. ನನಗೆ ಮೂವತ್ತೊಂದೇ! ಇದನ್ನು ಓಣಿಯಲ್ಲಿ ಮನೆಮನೆಗೂ ಹೋಗಿ ಹೇಳಿದೆ. ಹುಟ್ಟುಗುಣ ಸುಟ್ಟರೂ ಹೋಗದು.

ಆದರೆ ಎದೆಯೊಳಗೆ ಒಂದು ಮುಳ್ಳು ಉಳಿದಿತ್ತು. ಒಂದು ದಿನ ಆ ದೂರಿನ ಚೀಟಿ ತೆಗೆದು ಅವಳ ಕೈಗೇ ಕೊಟ್ಟೆ. "ಓದು. ಬೈಯೋದಿದ್ರೆ ಬೈದುಬಿಡು," ಎಂದೆ. ಅವಳು ಕನ್ನಡಕ ಸರಿಮಾಡಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ನಾನು ನೆಲ ನೋಡುತ್ತ ನಿಂತಿದ್ದೆ.

"ಅಕ್ಕ, ಎಷ್ಟು ಸಣ್ಣ ಅಕ್ಷರ! ಆಪರೇಷನ್ ಆಗದೆ ಇದ್ದಿದ್ರೆ ಇದನ್ನ ಓದೋಕೂ ನಿಮ್ಮ ಹತ್ತಿರಾನೇ ಬರಬೇಕಿತ್ತು," ಎಂದು ನಕ್ಕಳು. ಆಮೇಲೆ, "ಪರದೆ ಚೆನ್ನಾಗಿದೆಯಾ?" ಎಂದು ಕೇಳಿದಳು.

"ಅಂಚು ಸೊಟ್ಟಗಿದೆ," ಎಂದೆ. ನಿಜ ನಿಜವೇ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಮಾತ್ರೆ ಕತ್ತರಿಸಿ ಬಚ್ಚಿಡುವ ಹಿರಿಯರು ಇರಬಹುದು. ಡಬ್ಬಿ ತೆಗೆದು ನೋಡಿ. ಕಂತು ಕಟ್ಟಲು, ಔಷಧಿ ಕೊಳ್ಳಲು ಕಷ್ಟವಾದರೆ ನಿಮ್ಮ ವಿಮೆ ಕಚೇರಿಗೆ ಹೋಗಿ, ಇಲ್ಲವೇ ನಿಮ್ಮ ಬೀದಿಗೆ ಬರುವ ನರ್ಸಮ್ಮನನ್ನು ಹಿಡಿದು, "ನಮಗೆ ಏನಾದರೂ ಸಹಾಯ ಇದೆಯೇ?" ಎಂದು ಬಾಯಿಬಿಟ್ಟು ಕೇಳಿ. ನಿಯಮ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಾಗಾಗಿ ಮನೆ ಇದೆ, ಮೆಷಿನ್ ಇದೆ, ನನಗೆಲ್ಲಿ ಸಿಗುತ್ತದೆ ಎಂದು ಮನೆಯಲ್ಲೇ ಕುಳಿತು ತೀರ್ಮಾನ ಮಾಡಬೇಡಿ. ಇರುವುದನ್ನು ಇರುವ ಹಾಗೆ ಬರೆಯಿರಿ. ಒಂದು ಸಲ ವಾಪಸ್ ಕಳಿಸಿದರೆ ಇನ್ನೊಂದು ಸಲ ಹೋಗಿ. ಎದುರುಮನೆಯವರಿಗೆ ಸಿಕ್ಕಿತೆಂದು ಹೊಟ್ಟೆ ಉರಿದರೆ ಉರಿಯಲಿ, ನನ್ನದೇನೂ ಅಡ್ಡಿಯಿಲ್ಲ. ಆ ಉರಿಯಲ್ಲೇ ಎದ್ದು ಹೋಗಿ ನಿಮ್ಮ ಅರ್ಜಿ ಹಾಕಿ.

ನನ್ನ ಕಣ್ಣಿಗೂ ಪೊರೆ ಶುರುವಾಗಿದೆಯಂತೆ. ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ದಿನಾ ಬೆಳಗ್ಗೆ ನಾನೇ ಸೂಜಿ ಹಿಡಿದು ಎದುರು ಬಾಗಿಲಿಗೆ ಹೋಗುತ್ತೇನೆ.

"ಇರಿ ಅಕ್ಕ, ಕೈಯಲ್ಲಿ ಕೆಲಸ ಇದೆ," ಎನ್ನುತ್ತಾಳೆ.

ಅವಳ ಕೈಯಲ್ಲಿ ಏನೂ ಇರುವುದಿಲ್ಲ. ನಾನು ಸುಮ್ಮನೆ ಕಾಯುತ್ತೇನೆ.