ಮೂರನೆಯ ಕೂಗು

ನಲವತ್ತೊಂದರವರೆಗೆ ರಂಜನಾಳ ದನಿ ಕೇಳುತ್ತಿತ್ತು. ಗುಡಿಯ ಕಂಬಗಳನ್ನು ಒಂದೊಂದಾಗಿ ಅಂಗೈಯಿಂದ ಬಡಿಯುತ್ತ, ಮಗ್ಗಿ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ ಎಣಿಸುತ್ತ ಅವಳು ಒಳಗೆ ಸುತ್ತುತ್ತಿದ್ದಳು. ಹೊರಗೆ ಬೇವಿನ ನೆರಳಲ್ಲಿ ಬುತ್ತಿಗಂಟು ಬಿಚ್ಚುತ್ತಿದ್ದ ವಾಣಿಶ್ರೀಯ ಕೈ ರೊಟ್ಟಿಯ ಮೇಲಿದ್ದರೂ ಕಿವಿ ಗುಡಿಯೊಳಗಿತ್ತು. ನಲವತ್ತೆರಡು ಬರಲಿಲ್ಲ.

"ರಂಜೀ, ಯಾಕ ನಿಂದರ್ಸಿದಿ?"

ಕಂಟಿಗಳ ಆಚೆ ಎಲ್ಲೋ ನವಿಲೊಂದು ಕೂಗಿತು, ಅಷ್ಟೇ.

"ಎಣಿಕಿ ತಪ್ಪಿರಬೇಕು. ಮತ್ತ ಒಂದರಿಂದ ಹಚ್ಚತಾಳ, ತಡಿ," ಎಂದಳು ಅತ್ತೆ ಸುಶೀಲವ್ವ, ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ತಿರುವುತ್ತ. "ಎದಿಯೊಳಗ ಗುಬ್ಬಿ ಇಟ್ಕೊಂಡ ಹುಟ್ಟೀಯೇನವಾ ನೀ? ಒಂದ ಗಳಿಗಿ ನೆಟ್ಟಗ ಕುಂದರಂಗಿಲ್ಲ."

ವಾಣಿಶ್ರೀ ಆಗಲೇ ಎದ್ದಿದ್ದಳು.

ಬಂಕಾಪುರದ ಕೋಟೆಯೊಳಗಿನ ಆ ಅರವತ್ತು ಕಂಬದ ಗುಡಿ ನಡು ಮಧ್ಯಾಹ್ನದಲ್ಲೂ ತಣ್ಣಗಿತ್ತು. ಕಡೆದು ನುಣುಪು ಮಾಡಿದ ಕಂಬಗಳಲ್ಲಿ ಅವಳ ಚೂಡಿದಾರದ ಕೆಂಪು ಅಡ್ಡಾಡಿತು. ಮಗಳ ಫ್ರಾಕೂ ಕೆಂಪೇ. ಎರಡು ಸಲ ತನ್ನ ಪ್ರತಿಬಿಂಬವನ್ನೇ ಮಗಳೆಂದುಕೊಂಡು ಓಡಿ, ತಣ್ಣನೆಯ ಕಲ್ಲು ಮುಟ್ಟಿ ನಿಂತಳು. ಒಳಗೆ ಯಾರೂ ಇರಲಿಲ್ಲ. ಆ ಬದಿಯ ಮೆಟ್ಟಿಲಿಳಿದರೆ ಎದೆಮಟ್ಟದ ಹುಲ್ಲು, ಹುಲ್ಲಿನಾಚೆ ಜಾಲಿ, ಸೀತಾಫಲ, ಹೆಸರು ಗೊತ್ತಿಲ್ಲದ ಮುಳ್ಳುಕಂಟಿಗಳು ಒಂದರೊಳಗೊಂದು ಹೊಕ್ಕು ನಿಂತಿದ್ದವು. ಎಂಟು ವರ್ಷದ ಹುಡುಗಿಯೊಬ್ಬಳು ಅಲ್ಲಿ ನಿಂತರೆ ತಲೆಯೂ ಕಾಣದು.

"ರಂಜನಾ!"

ಬರುವುದು ಬೇಡವೆಂದು ವಾಣಿಶ್ರೀಗೆ ಮೊದಲೇ ಅನ್ನಿಸಿತ್ತು. ಎಲ್ಲಿಗೆ ಹೋಗುವಾಗಲೂ ಅವಳಿಗೆ ಹಾಗೇ ಅನ್ನಿಸುತ್ತಿತ್ತಾದ್ದರಿಂದ ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮಗಳ ಶಾಲೆಯಲ್ಲಿ 'ನಮ್ಮ ಸುತ್ತಲಿನ ನೋಡತಕ್ಕ ಸ್ಥಳಗಳು' ಎಂದು ಬರೆದುಕೊಂಡು ಬರಲು ಹೇಳಿದ್ದರು. ಬೆಳಿಗ್ಗೆ ಹಾನಗಲ್ಲಿನಿಂದ ಬಸ್ಸಿಗೆ ಹೊರಟು ಬಂಕಾಪುರದ ಕೋಟೆ, ನವಿಲು ನೋಡಿ, ಮಧ್ಯಾಹ್ನ ಸವಣೂರಿಗೆ ಹೋಗಿ ಅಲ್ಲಿಯ ದೊಡ್ಡಹುಣಸೆ ಗಿಡಗಳನ್ನು ನೋಡಿ ಸಂಜೆಗೆ ತಿರುಗುವುದು ಎಂದು ಸುಶೀಲವ್ವನೇ ಗೊತ್ತು ಮಾಡಿದ್ದಳು. "ಬರೇ ಹೆಣ್ಣಮಕ್ಕಳ ಹೊಂಟೀರಿ, ಇನ್ನೊಂದ ವಾರ ತಡೀರಿ, ನಾನೂ ಬರ್ತೇನಿ" ಎಂದು ವಾಣಿಶ್ರೀಯ ಗಂಡ ಚನ್ನೇಶ ಅಂದಿದ್ದಕ್ಕೆ, "ನೀ ಬರೂತನಕ ಇದ್ದ ನವಿಲೆಲ್ಲ ಮುಪ್ಪಾಗ್ತಾವು ಬಿಡೋ" ಎಂದು ಸುಶೀಲವ್ವ ನಕ್ಕಿದ್ದಳು. ಕೋಟೆಯ ಬಾಗಿಲಿಗೆ ಬಂದಾಗ ಅತ್ತೆ ಕಲ್ಲಿನ ಕೆತ್ತನೆ ನೋಡಿದರೆ, ವಾಣಿಶ್ರೀ ಕಂದಕದ ಹಸಿರು ನೀರು ನೋಡಿದ್ದಳು. ಅದರ ದಂಡೆಗೆ ಬೇಲಿ ಇಲ್ಲದ್ದನ್ನು ನೋಡಿದ್ದಳು. ಬಾಗಿಲ ಬಳಿ ಬೈಕಿನ ಮೇಲೆ ಕುಳಿತು ಮೊಬೈಲು ತಿಕ್ಕುತ್ತಿದ್ದ ಇಬ್ಬರು ಹುಡುಗರ ಮುಖವನ್ನು, ಬೇಕಾದೀತೆಂದು, ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಈಗ ಆ ಮುಖಗಳು ನೆನಪಿಗೆ ಬರಲೊಲ್ಲವು.

ಹುಲ್ಲಿನಲ್ಲಿ ನುಗ್ಗಿ, ಬಿದ್ದ ಗೋಡೆಯೊಂದನ್ನು ಹತ್ತಿ ಕೂಗಿದಳು. ಅಲ್ಲಿಂದ ಸೀತಾಫಲದ ಗಿಡಗಳ ಕಡೆ ಓಡಿ ಕೂಗಿದಳು. ಓಗೊಟ್ಟರೆ ಕೇಳಬೇಕೆಂದು ನಿಲ್ಲಲೂ ಅವಳಿಂದ ಆಗಲಿಲ್ಲ. ನಿಂತಷ್ಟು ಹೊತ್ತೂ ಮಗಳು ಇನ್ನೊಂದು ಕಡೆ ಇನ್ನಷ್ಟು ದೂರ ಹೋಗುತ್ತಿದ್ದಾಳೆ ಅನ್ನಿಸುತ್ತಿತ್ತು. ಒಂದು ಕಡೆ ಒಂದು ಕೂಗು, ಇನ್ನೊಂದು ಕಡೆ ಎರಡು, ಮತ್ತೆ ಓಟ. ಜಾಲಿಯ ಮುಳ್ಳು ಓಢಣಿಯನ್ನು ಕಿತ್ತುಕೊಂಡಿತು, ಅವಳು ಬಿಟ್ಟು ಹೋದಳು. ಕಾಲಡಿ ಏನೋ ಸರ್ರನೆ ಹರಿದು ಹೋಯಿತು. ಅದಕ್ಕೆ ಹೆದರಲೂ ಪುರುಸೊತ್ತಿರಲಿಲ್ಲ.

ಎದುರಿನ ಕಂಟಿ ಅಲುಗಿತು. "ರಂಜೀ" ಎಂದು ಮುಂದೆ ನುಗ್ಗಿದವಳ ಮುಂದೆ ಕುಡುಗೋಲು ಹಿಡಿದ ಮುದುಕನೊಬ್ಬ ಎದ್ದು ನಿಂತ. ತಲೆಗೆ ಟವೆಲ್ಲು, ಬಗಲಲ್ಲಿ ಹುಲ್ಲಿನ ಹೊರೆ.

ವಾಣಿಶ್ರೀ ಅವನ ಮುಖ ನೋಡಲಿಲ್ಲ. ಕುಡುಗೋಲು ನೋಡಿದಳು. ಅದರ ಅಲಗಿನ ಮೇಲಿದ್ದ ಹಸಿಯನ್ನು ನೋಡಿದಳು. ಹುಲ್ಲಿನ ರಸ. ಹೌದು, ಹುಲ್ಲಿನದೇ, ಹಸಿರು.

"ಯಾರನ್ನ ಹುಡಕಾಕತ್ತೀರಿ ಅವ್ವಾರ? ಆಗಿಂದ ಕೇಳಾಕತ್ತೇನಿ ನಿಮ್ಮ ಕೂಗು."

"ನನ್ನ ಮಗಳು... ಕೆಂಪ ಫ್ರಾಕು. ನೀವು ನೋಡಿದ್ರೇನು? ಖರೇ ಹೇಳ್ರಿ."

ಕೊನೆಯ ಮಾತನ್ನು ಯಾಕೆ ಆಡಿದೆನೋ ಅವಳಿಗೇ ತಿಳಿಯಲಿಲ್ಲ. ಮುದುಕನಿಗೆ ತಿಳಿಯಿತು. ಅವನು ಕುಡುಗೋಲನ್ನು ನೆಲಕ್ಕಿಟ್ಟು, ಹೊರೆಯನ್ನೂ ಇಳಿಸಿ, ಬರಿಗೈಯಲ್ಲಿ ನಿಂತ.

"ನಾ ಫಕ್ರುಸಾಬ ಅಂತ ರೀ. ಇದ ಊರಾಂವ, ದಿನಾ ಇಲ್ಲೆ ಹುಲ್ಲ ಕೊಯ್ತೇನಿ. ಖರೇ ಹೇಳ್ತೇನಿ, ನೋಡಿಲ್ಲ. ಹೆಸರೇನ್ರಿ ಕೂಸಿಂದು?"

"ರಂಜನಾ."

"ರಂಜನಾ ಬೇಟೀ!" ಎಂದು ಅವನು ಬಾಯಿಗೆ ಕೈ ಅಡ್ಡ ಹಿಡಿದು ಒಂದು ಸಲ ಕೂಗಿದ. ಕಿವಿಗೊಟ್ಟ. ಆಮೇಲೆ ಅವಳ ಕಡೆ ನೋಡದೆ ಹೇಳಿದ: "ನೀವು ಗುಡಿ ಕಡೆ ನಡೀರಿ. ನಾ ಒಂದೀಟು... ನೀರಿನ ಕಡೆ ನೋಡಿ ಬರ್ತೇನಿ."

ಕಂಟಿಯ ಬುಡದಲ್ಲಿ ಬಿದ್ದಿದ್ದ ಉದ್ದನೆಯ ಬಿದಿರು ಗಳವೊಂದನ್ನು ಅವನು ಎತ್ತಿಕೊಂಡು ಹೋದ. ಗಳ ಯಾಕೆ ಎಂದು ಅವಳು ಕೇಳಲಿಲ್ಲ. ಕೈಯಲ್ಲಿ ಮೊಬೈಲಿತ್ತು. ಚನ್ನೇಶನ ಹೆಸರಿನ ಮೇಲೆ ಬೆರಳಿಟ್ಟಳು, ತೆಗೆದಳು. ಅವನಿಗೆ ಹೇಳಬೇಕಾದ ವಾಕ್ಯವನ್ನು ಒಂದು ಸಲ ಬಾಯಿಬಿಟ್ಟು ಆಡಿದರೆ ಅದು ನಡೆದುಹೋದ ಸಂಗತಿಯಾಗಿಬಿಡುತ್ತಿತ್ತು.

ಗುಡಿಯ ಮುಂದೆ ಸುಶೀಲವ್ವ ನಿಂತಿದ್ದಳು. ಬುತ್ತಿ ಬಿಚ್ಚಿದಲ್ಲೇ ಬಿದ್ದಿತ್ತು, ರೊಟ್ಟಿಯ ಮೇಲೆ ಇರುವೆ ಹರಿಯುತ್ತಿದ್ದವು. ನಗುತ್ತಿದ್ದ ಹೆಂಗಸಿನ ಮುಖ ಅಷ್ಟು ಸ್ವಲ್ಪ ಹೊತ್ತಿನಲ್ಲಿ ಬೂದಿ ಬಡಿದಂತಾಗಿತ್ತು.

"ಸಿಕ್ಕಳೇನವಾ?"

"ಇಲ್ರಿ ಅತ್ತೀ. ಕೂಗಿ ಕೂಗಿ ಗಂಟಲ ಹರೀತು. ಇದ್ದಿದ್ರ ಓ ಅಂತಿದ್ದಿಲ್ಲೇನ್ರಿ ಅಕಿ? ಎಲ್ಲಿದ್ರೂ ಓ ಅಂತಿದ್ಲು."

ಸುಶೀಲವ್ವ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. "ಅನ್ನಂಗಿಲ್ಲವಾ," ಎಂದಳು.

"ಏನಂದ್ರಿ?"

"ನಾನ ಹೇಳೇನಿ ಅಕಿಗೆ. ಬಸ್ಸಿನ್ಯಾಗ. ಹಾಳಕ್ವಾಟಿ, ಅಡವಿ ಇದ್ದಲ್ಲೆ ಯಾರರ ಕರದ್ರ ಲಗೂನ ಓ ಅನಬಾರದು, ಒಂದ ದನಿ ಮೂರ ಸಲ ಕರದ್ರನ ಅನಬೇಕು ಅಂತ. ದೆವ್ವ ಎರಡ ಸಲ ಕರೀತೈತಿ, ಮೂರನೇದ್ದು ಕರಿಯಾಕ ಬರಂಗಿಲ್ಲ ಅದಕ್ಕ. ತಾಯಿ ದನೀನೂ ಮಾಡ್ತೈತಿ ಅಂತ... ನಮ್ಮ ಆಯಿ ನಮಗ ಹೇಳತಿದ್ಲು, ನಾ ಅಕಿಗೆ ಹೇಳಿದೆ. ಸುಮ್ನ ಮಾತಿಗೆ ಹೇಳಿದ್ನವಾ. ಅಕಿ ಕಣ್ಣ ಅಗಲ ಮಾಡಿ ಕೇಳತಿದ್ಲು, ಅದಕ್ಕ ಇನ್ನೀಟು ಹೇಳಿದೆ."

ವಾಣಿಶ್ರೀಗೆ ಆ ಮುದುಕಿಯ ಭುಜ ಹಿಡಿದು ಅಲುಗಿಸಬೇಕೆನ್ನಿಸಿತು. ಬದಲಿಗೆ ಅವಳಿಗೆ ತನ್ನ ಮಾತೇ ನೆನಪಾಯಿತು. ದಾರಿ ತಪ್ಪಿದರೆ ನಿಂತ ಜಾಗ ಬಿಟ್ಟು ಅಲುಗಬೇಡ, ಯಾರು ಹೆಸರು ಹಿಡಿದು ಕರೆದರೂ ಹೋಗಬೇಡ ಎಂದು ದಿನಕ್ಕೊಂದು ಸಲ ಮಗಳಿಗೆ ಹೇಳುತ್ತಿದ್ದವಳು ಅವಳೇ. ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡುವ ಹುಡುಗಿ ಅದು. ಎರಡೂ ಬುದ್ಧಿಮಾತುಗಳನ್ನು ಸೇರಿಸಿಕೊಂಡು ಎಲ್ಲೋ ಬಾಯಿ ಮುಚ್ಚಿ ಕುಳಿತಿರಬಹುದು. ಕುಳಿತಿರಬಹುದು, ಅಷ್ಟೇ. ಕುಳಿತಿರದೆಯೂ ಇರಬಹುದು.

"ಹಂಗಲ್ಲ, ನಿಂತ ಕರಿಯವಾ," ಎಂದಳು ಸುಶೀಲವ್ವ. "ಮನ್ಯಾಗ ಉಣ್ಣಾಕ ಕರೀತಿಯಲ್ಲ, ಹಂಗ."

ವಾಣಿಶ್ರೀ ಗುಡಿಯ ಹಿಂದಿನ ಮೆಟ್ಟಿಲ ಮೇಲೆ ನಿಂತಳು. ಉಸಿರು ಹಿಡಿತಕ್ಕೆ ಬರುವವರೆಗೆ ಕಾಯಬೇಕಿತ್ತು, ಕಾಯುವುದೇ ಅವಳ ಜೀವಕ್ಕೆ ಬಂತು. ಮನೆಯ ಹಿತ್ತಲ ಬಾಗಿಲನ್ನು ನೆನೆದಳು, ಒಲೆಯ ಮೇಲಿನ ಅನ್ನವನ್ನು ನೆನೆದಳು.

"ರಂಜೀ."

ಗಾಳಿಗೆ ಹುಲ್ಲು ಒಂದು ಕಡೆ ವಾಲಿ ಮತ್ತೆ ನೆಟ್ಟಗಾಯಿತು. ಕಂದಕದ ಕಡೆಯಿಂದ ಗಳ ನೀರಿಗೆ ಬಿದ್ದ ಸಪ್ಪಳ ಕೇಳಿಸಿತು. ಒಂದು ಸಲ. ಇನ್ನೊಂದು ಸಲ.

"ರಂಜೀ."

ಈಗ ಮೂರನೆಯದು ಉಳಿಯಿತು. ಬಾಯಿ ತೆರೆದವಳು ಹಾಗೇ ನಿಂತಳು. ಅದನ್ನು ಕರೆಯದೆ ಇರುವವರೆಗೆ ಮಗಳು ಆ ಕಂಟಿಯೊಳಗೆ ಎಲ್ಲೋ ಇದ್ದೇ ಇದ್ದಳು. ಅಜ್ಜಿಯ ಮಾತಿನಂತೆ ಕಾಯುತ್ತ, ಎಣಿಸುತ್ತ. ಕರೆದ ಮೇಲೆ ಓ ಎಂಬ ದನಿ ಬರದಿದ್ದರೆ ಕರೆಯಲು ಇನ್ನೇನೂ ಇರುವುದಿಲ್ಲ.

"ಕರಿ," ಎಂದಳು ಹಿಂದಿನಿಂದ ಸುಶೀಲವ್ವ, ಅಳು ನುಂಗಿ. "ಕರಿಯವಾ ತಾಯಿ."

"ರಂಜೀ," ಎಂದಳು ವಾಣಿಶ್ರೀ. ಉಣ್ಣಲು ಕರೆಯುವಾಗಿನ ದನಿ ಬರಲಿಲ್ಲ. ಬಂದದ್ದು ಪಿಸುಮಾತಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

"ಓ."

ಅದು ಎಷ್ಟು ಹತ್ತಿರದಿಂದ ಬಂತೆಂದರೆ ಅವಳು ತನ್ನ ಗಂಟಲೇ ಎಂದುಕೊಂಡಳು. ಮೆಟ್ಟಿಲಿನಿಂದ ಇಪ್ಪತ್ತು ಹೆಜ್ಜೆ. ಆಗ ಹತ್ತಿ ನಿಂತು ಕೂಗಿದ್ದಳಲ್ಲ, ಅದೇ ಬಿದ್ದ ಗೋಡೆಯ ಬುಡದಲ್ಲಿ, ಕಂಟಿ ಕಮಾನಿನಂತೆ ಬಾಗಿದ ಸಂದಿನಲ್ಲಿ, ಮೊಣಕಾಲನ್ನು ಎದೆಗವಚಿಕೊಂಡು ರಂಜನಾ ಕುಳಿತಿದ್ದಳು. ಕೆನ್ನೆಯ ಮೇಲೆ ಮುಳ್ಳಿನ ಗೀರು. ಅತ್ತಿದ್ದಳು, ಸಪ್ಪಳ ಬಾರದ ಹಾಗೆ.

"ನವಿಲ ಹಿಂದ ಬಂದೆ. ಆಮ್ಯಾಲ ಗುಡಿ ಕಾಣವಲ್ದಾತು," ಎಂದಳು.

ಫಕ್ರುಸಾಬ ಗಳ ಹಿಡಿದು ಓಡಿ ಬಂದ. ತೊಡೆಯವರೆಗೆ ನೆನೆದಿದ್ದ. ತಾಯಿ ಮಗಳನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಯಾ ಅಲ್ಲಾ," ಅಂದ. ಸುಶೀಲವ್ವ ಹೇಳಿದ್ದನ್ನೆಲ್ಲ ಕೇಳಿ, "ನಮ್ಮ ಅಮ್ಮಾನೂ ಹಂಗ ಅಂತಿದ್ಲು ಬಿಡ್ರಿ ಅವ್ವಾರ. ಅದಕ್ಕ ನಾ ಈಗೂ ಮಂದಿ ಕರದ್ರ ಲಗೂ ಓ ಅನ್ನಂಗಿಲ್ಲ, ಕಿವುಡಾಗ್ಯಾನಂತ ತಿಳೀತಾರ" ಎಂದ. ಅಳುತ್ತಿದ್ದ ಸುಶೀಲವ್ವ ನಕ್ಕಳು. ವಾಣಿಶ್ರೀ ಅವನಿಗೆ ಏನಾದರೂ ಹೇಳಬೇಕೆಂದುಕೊಂಡಳು. ಅವನ ನೆನೆದ ಪೈಜಾಮಿನಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತ ನಿಂತಳು.

ಕೋಟೆಯ ಬಾಗಿಲ ಕಡೆ ನಡೆಯುವಾಗ ರಂಜನಾ ತಾಯಿಯ ಕೈ ಜಗ್ಗಿದಳು.

"ಅವ್ವಾ, ಮದ್ಲ ಗ್ವಾಡಿ ಮ್ಯಾಲ ಹತ್ತಿ ಕರದಾಕಿ ಯಾರು?"

"ನಾನ."

"ಅಲ್ಲ." ಹುಡುಗಿ ತಲೆಯಲ್ಲಾಡಿಸಿದಳು. "ಆಕಿ ಬ್ಯಾರೆ. ನಿನ್ನಂಗ ಕರೀತಿದ್ಲು, ಆದ್ರ ನೀ ಅಲ್ಲ. ಆಕಿ ದನಿ ಕೇಳಿ ನಂಗ ಭಾಳ ಅಂಜಿಕಿ ಬಂತು."

ವಾಣಿಶ್ರೀ ಇನ್ನೊಂದು ಕೈಯಲ್ಲಿ ಹಿಡಿಯಲೆಂದು ಮಗಳ ಕೈ ಬಿಟ್ಟಳು. ತಾನು ಇಷ್ಟು ಹೊತ್ತು ಹಿಡಿದಿದ್ದ ಆ ಸಣ್ಣ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತುಗಳು ಬೆಳ್ಳಗೆ ಮೂಡಿದ್ದವು. ಅವಳು ನೋಡುತ್ತಿದ್ದಂತೆ ಒಂದೊಂದಕ್ಕೂ ನಿಧಾನವಾಗಿ ರಕ್ತ ಮರಳಿತು.